ಇಬ್ಬರು ರತ್ನಾಬಾಯಿ

ಏಳನೇ ಕೌಂಟರಿನ ಗಾಜಿಗೆ ಅಂಗೈಯಗಲದ ತೂತು.
ಅದರಾಚೆ ಬೆಂಗಳೂರು ಕೆಮ್ಮುತ್ತದೆ,
ಈಚೆ ನಾನು ಕೀಲಿ ಒತ್ತುತ್ತೇನೆ:
ಹೆಸರು, ವಯಸ್ಸು, ಗಂಡನೋ ತಂದೆಯೋ, ಮೊಬೈಲು.
ಮೊಬೈಲಿಲ್ಲದವರಿಗೆ ಹತ್ತು ಸೊನ್ನೆ.

ರತ್ನಾಬಾಯಿ, ಐವತ್ತೆಂಟು, ಕಾಟನ್‌ಪೇಟೆ.
ಊದಿನಕಡ್ಡಿ ಹೊಸೆಯುವವಳು, ಬೆರಳ ತುದಿ ಸದಾ ಕಪ್ಪು.
ರತ್ನಾಬಾಯಿ, ಐವತ್ತೆಂಟು, ಯಶವಂತಪುರ.
ಮಂಡಿಯಲ್ಲಿ ಈರುಳ್ಳಿ ಆರಿಸುವವಳು, ಸೆರಗ ತುಂಬ ಸಿಪ್ಪೆ.
ಇಬ್ಬರೂ ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ.
ಇಬ್ಬರಿಗೂ ಹತ್ತು ಸೊನ್ನೆ.

ಹಳೇ ರಿಜಿಸ್ಟರಿಗೆ ಅಂಚು ಅಂತೊಂದಿತ್ತು.
ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ:
ಗಂಧದ ರತ್ನಾ, ಈರುಳ್ಳಿ ರತ್ನಾ.
ಯುಗಾದಿ ಮುಗಿದ ವಾರ ಸಾಫ್ಟ್‌ವೇರ್ ಬಂತು, ಅಂಚು ಹೋಯಿತು.
ಒಂದು ರಾತ್ರಿ, ನಾವೆಲ್ಲ ನಿದ್ದೆಯಲ್ಲಿದ್ದಾಗ,
ಅದು ಇಬ್ಬರನ್ನೂ ಒಬ್ಬಳು ಮಾಡಿಬಿಟ್ಟಿತು.
ವಿಳಾಸ ನೋಡುವುದಿಲ್ಲವಂತೆ;
ಬಾಡಿಗೆಯವರ ಊರಿದು, ವಿಳಾಸವನ್ನು ನಂಬುವವರಾರು.
ನಕಲು ದಾಖಲೆ ಅಳಿಸಿದೆ ಎಂದು
ಬೆಳಿಗ್ಗೆ ಹಸಿರು ಅಕ್ಷರದಲ್ಲಿ ಬೀಗುತ್ತಿತ್ತು.

ಆಮೇಲೆ ಒಬ್ಬಳ ಸಕ್ಕರೆ ಇನ್ನೊಬ್ಬಳ ರಕ್ತ ಸೇರಿತು.
ಕಾಟನ್‌ಪೇಟೆಯ ಮಂಡಿನೋವು ಈರುಳ್ಳಿ ಮಂಡಿಗೆ ಹೋಯಿತು.
ಔಷಧಿ ಕಿಟಕಿಯಲ್ಲಿ, ಆಗಲೇ ತಗೊಂಡು ಹೋದಿರಲ್ಲ, ಎಂದರು.
"ನಾನಾ? ಯಾವ ಕಾಲಲ್ಲಿ ಬಂದೆ ಸ್ವಾಮಿ?"

ಹಾಗಂತ ಯಂತ್ರವನ್ನು ಬೈಯಲಾರೆ.
ಹೋದ ಆಷಾಢದಲ್ಲಿ ಪ್ರಜ್ಞೆಯಿಲ್ಲದ ಆಟೋದವನನ್ನು
ಅವನದೇ ಆಟೋದಲ್ಲಿ ಹೊತ್ತು ತಂದರು.
ಹೆಬ್ಬೆಟ್ಟು ಗಾಜಿಗೊತ್ತಿದ್ದೇ ತಡ
ಪೆನಿಸಿಲಿನ್ ಆಗದು ಎಂಬ ಕೆಂಪು ಸಾಲು.
ಸೂಜಿ ಹಿಡಿದ ಕೈ ಅಲ್ಲೇ ನಿಂತಿತು.
ಪೆನ್ಸಿಲಿಗೆ ಅಷ್ಟು ವೇಗವೆಲ್ಲಿ.

ದೂರು ಕಳಿಸಿದೆ. ವೈಟ್‌ಫೀಲ್ಡಿನಿಂದ ಉತ್ತರ:
ಇದು ದೋಷವಲ್ಲ, ಇರುವುದೇ ಹೀಗೆ.
ಮತ್ತೆ ಕಳಿಸಿದೆ. ಒಂದು ಸಂಖ್ಯೆ ಕೊಟ್ಟರು.
ಸಂಖ್ಯೆ ಹಿಡಿದು, ಗಾಜಿನ ಈಚೆ, ನಾನೂ ಕ್ಯೂ ನಿಂತೆ.

ಅಷ್ಟರಲ್ಲಿ ಅವರಿಬ್ಬರೂ ಜೊತೆಯಲ್ಲೇ ಬರತೊಡಗಿದ್ದರು.
ಕೆಟ್ಟ ಲಿಫ್ಟಿನ ಮುಂದಿನ ಬೆಂಚು, ಒಂದೇ ಡಬ್ಬಿ.
"ಇವಳಿಗೆ ಉಪ್ಪು ಕೂಡದು, ನನ್ನ ಚೀಟೀಲಿ ಬಂದಿತ್ತು"
ಎಂದು ಈರುಳ್ಳಿ ರತ್ನಾ
ಉಪ್ಪಿನಕಾಯಿ ತನ್ನ ಕಡೆಗೆ ಎಳೆದುಕೊಂಡಳು.

ನಾಲ್ಕು ತಿಂಗಳಾದ ಮೇಲೆ ಪರದೆಗೊಂದು ಗುಂಡಿ ಬಂತು:
ಬೇರ್ಪಡಿಸಿ.
ಯಾವುದು ಯಾರದೆಂದು ನಾವೇ ಹೇಳಬೇಕಂತೆ.
ಒಳಗೆ ಕರೆದು ಎರಡು ಸ್ಟೂಲು ಹಾಕಿದೆ.
ಹಿಸ್ಸೆಯಾದ ಮನೆಯ ಪಾತ್ರೆಯಂತೆ ಕಾಯಿಲೆ ಹಂಚಿದೆವು.
ಜೂನ್ ಹನ್ನೊಂದರ ಜ್ವರ?
ನಂದು, ಅವತ್ತು ಬಸ್ಸಿರಲಿಲ್ಲ, ನಡೆದೇ ಬಂದಿದ್ದೆ.
ಈ ಕಣ್ಣಿನ ಹನಿ?
ಇವಳದ್ದು. ಈರುಳ್ಳಿ ಬಿಡು ಅಂದಿದ್ರು ಡಾಕ್ಟ್ರು, ಬಿಟ್ಟು ತಿನ್ನೋದೇನು.
ರಕ್ತ ಕಮ್ಮಿ?
ಇಬ್ಬರಿಗೂ ಬರ್ಕೊಳಮ್ಮ.

ಕೊನೆಗೆ ಒಂದು ಎದೆಯ ಚಿತ್ರ ಉಳಿಯಿತು.
ಆಗಸ್ಟ್ ಇಪ್ಪತ್ತು. ಅವತ್ತು ಇಬ್ಬರೂ
ಆ ತಣ್ಣನೆ ಹಲಗೆಗೆ ಎದೆಯಾನಿಸಿದ್ದರು.
ಒಂದರ ಮೇಲೊಂದು ಕೂತು, ಉಳಿದಿದ್ದು ಒಂದು.
ಬಲಕ್ಕೆ, ಮೇಲೆ,
ಹುಣಿಸೆ ಬೀಜದಷ್ಟು ಬಿಳುಪು.

ಪ್ರಿಂಟರು ತನ್ನಷ್ಟಕ್ಕೆ ಗುರ್ರೆಂದು ಸುಮ್ಮನಾಯಿತು.
"ನನ್ನ ಹೆಸರಿಗೆ ಹಾಕು ತಾಯಿ," ಎಂದಳು ಗಂಧದ ರತ್ನಾ,
"ಮೂವತ್ತು ವರ್ಷ ಆ ಪುಡಿ ಕುಡಿದಿದ್ದೀನಿ."
"ಹೆಸರು ಇಬ್ಬರದೂ ಒಂದೇ ಅಲ್ವೇನೇ" ಎಂದು
ಇನ್ನೊಬ್ಬಳು ನಗಲು ನೋಡಿದಳು.
ಖಾಲಿ ಜಾಗದಲ್ಲಿ ಕರ್ಸರು ಮಿಣುಕುತ್ತಲೇ ಇತ್ತು.

ಎರಡು ಹೊಸ ಚೀಟಿ ಬರೆದೆ. ಕೈಯಲ್ಲೇ ಬರೆದೆ.
ಅಂಚಿನಲ್ಲಿ ಗಂಧ ಎಂದು, ಈರುಳ್ಳಿ ಎಂದು.

ಈಗ ಅವರು ಕೆಳಗೆ, ಕತ್ತಲೆ ಕೋಣೆಯ ಬಾಗಿಲಲ್ಲಿ.
ಒಬ್ಬಳ ಕರಿಮಣಿ ಇನ್ನೊಬ್ಬಳ ಅಂಗೈಯಲ್ಲಿ ಇರುತ್ತದೆ.
ಹುಡುಗನ ಕೂಗು ಮೆಟ್ಟಿಲು ಹತ್ತಿ ನನ್ನವರೆಗೂ ಬರುತ್ತದೆ:
ರತ್ನಾಬಾಯಿ ಯಾರಮ್ಮಾ?

ಇಬ್ಬರೂ ಎದ್ದಿರುತ್ತಾರೆ.