ಗ್ರೇಸ್ ಕೊಲ್ಲಿಯ ಲೆಕ್ಕ

ನನ್ನ ಮುತ್ತಜ್ಜಿ ಎಫಿ ಡಲ್‌ಗ್ಲೀಶಳ ಪೆಟ್ಟಿಗೆಯಲ್ಲಿ
ಬಟ್ಟೆ ಹೊಲಿದ ದುಡ್ಡಿಗೆ ಕೊಂಡ ನಲವತ್ತು ಷೇರು.
ಕಾಗದ ಇನ್ನೂ ಗಟ್ಟಿಯಾಗಿದೆ. ಮೂಲೆಗೊಂದು ಹಡಗು,
ನಡುವೆ ಉದಯಿಸುವ ಸೂರ್ಯ,
ಆ ಕೊಲ್ಲಿಯಲ್ಲಿ ವರ್ಷಕ್ಕೆ ಅರವತ್ತು ದಿನವೂ
ಮುಖ ತೋರಿಸದವನು.

೧೮೯೩, ಡಿಸೆಂಬರ್. ಡನೀಡನ್‌ನಿಂದ ಹೊರಟದ್ದು
ಹನ್ನೊಂದು ಜನ, ಅದಿರು ಕುಟ್ಟಲು ಐದು ಕಬ್ಬಿಣದ ಒನಕೆ,
ಒಂದು ಹಾರ್ಮೋನಿಯಂ,
ಮತ್ತು ಇನ್ನೂ ಹುಟ್ಟದ ಊರಿನ ನಕ್ಷೆ.
ನಕ್ಷೆಯಲ್ಲಿ ಹನ್ನೆರಡು ಬೀದಿ, ಒಂದು ಬ್ಯಾಂಕು,
ರಾಣಿಯ ಹೆಸರಿನ ಚೌಕ.
ನೆಲದ ಮೇಲೆ ಪಾಚಿ. ಪಾಚಿಯ ಮೇಲೆ ಪಾಚಿ.

ದೋಣಿ ನಡೆಸಿದ ಪಿತಾ ಕಹು ದಡದಲ್ಲೇ ಕೂತು
ಈಲು ಮೀನಿಗೆ ಹೊಗೆ ಹಾಕುತ್ತ ಕೇಳಿದನಂತೆ
(ಇದು ಅವನ ಮೊಮ್ಮಗಳು ನನಗೆ ಹೇಳಿದ್ದು):
"ಇಷ್ಟು ದೂರ ಬಂದದ್ದು ಈ ಹಳದಿಗೋ?
ನಮ್ಮವರು ಬರುತ್ತಿದ್ದದ್ದು ಹಸಿರು ಕಲ್ಲಿಗೆ."
ಮ್ಯಾನೇಜರ್ ಮಕಾಸ್ಕಿಲ್ ಡೈರಿಯಲ್ಲಿ ಅದಿಲ್ಲ.
ಅಂದು ಅವನು ಬರೆದದ್ದು:
"ಮಳೆ. ಭರವಸೆ ಇದೆ. ಸಕ್ಕರೆ ಮುಗಿಯಿತು."

ಹದಿನಾಲ್ಕು ತಿಂಗಳು
ಹೊಳೆಯಲ್ಲಿ ಹುಣಸೆಹಣ್ಣು ತೊಳೆದರು ಎನ್ನಬೇಕು.
ಹುಣಸೆಗಾದರೂ ಬೀಜ ಉಳಿಯುತ್ತದೆ.
ತಟ್ಟೆ ತಿರುಗಿಸಿ ತಿರುಗಿಸಿ ಮಣಿಕಟ್ಟು ಊದಿ
ನಿದ್ದೆಯಲ್ಲೂ ಅವರ ಕೈಗಳು
ಗಾಳಿಯನ್ನು ಸುತ್ತಿಸುತ್ತಿದ್ದವಂತೆ.
ಒಟ್ಟು ಚಿನ್ನ: ಏಳು ಔನ್ಸು, ಚಿಲ್ಲರೆ.
ಅಷ್ಟರಲ್ಲಿ ಒಬ್ಬ ಡೈರೆಕ್ಟರನ ಹಲ್ಲು ಕಟ್ಟಿಸಬಹುದು.
ಕಟ್ಟಿಸಿಕೊಂಡನೋ, ತಿಳಿಯದು.

ಬೆಟ್ಟ ಅಗೆದರು. ಇಲಿ ಸಿಗಲಿಲ್ಲ.
ಇಲಿ ಇವರ ಜೊತೆಗೇ ಬಂದಿತ್ತು,
ಹಿಟ್ಟಿನ ಮೂಟೆಯಲ್ಲಿ,
ಬಸುರಿ.

ಹಾರಲಾರದ ಹಸಿರು ಗಿಳಿ ಅಲ್ಲಿಯದು, ಕಾಕಾಪೊ.
ನೆಲದ ಮೇಲೇ ಮೊಟ್ಟೆ. ಬೇಸಿಗೆಯ ರಾತ್ರಿ
ಗಂಡು ಹಕ್ಕಿ ತಾನೇ ತೋಡಿದ ಗುಂಡಿಯಲ್ಲಿ ಕೂತು
ಎದೆಯುಬ್ಬಿಸಿ ಗುಮ್ಮ್... ಗುಮ್ಮ್... ಎಂದು
ಬೆಟ್ಟದಾಚೆಯ ಹೆಣ್ಣನ್ನು ಕರೆಯುತ್ತದೆ, ಬೆಳಗಿನವರೆಗೆ.
ಮೊದಲ ವಾರ ಮಕಾಸ್ಕಿಲ್ ಬರೆದ:
"ಈ ಸದ್ದಿಗೆ ಕಣ್ಣು ಮುಚ್ಚಲಾಗುತ್ತಿಲ್ಲ."
ಕೊನೆಯ ಫೆಬ್ರವರಿ, ಒನಕೆಗಳನ್ನು ಅಲ್ಲೇ ಬಿಟ್ಟು
ಹೊರಡುವ ಮುನ್ನಾದಿನ:
"ಒಳ್ಳೆಯ ನಿದ್ದೆ."

ಎಫಿ ಏನೂ ಹೇಳಲಿಲ್ಲ ಎನ್ನುತ್ತಾರೆ ಮನೆಯಲ್ಲಿ.
ಷೇರುಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
ಯಾರದೋ ತೋಳು, ಯಾರದೋ ಸೊಂಟ,
ಒಂದು ಮಗುವಿನ ಕೊರಳು, ಒಂಬತ್ತೂವರೆ ಇಂಚು.
ಆ ಲೆಕ್ಕ ಮಾತ್ರ
ತಪ್ಪಿರಲಾರದು.