ಪತ್ತೆ

ಟ್ಯಾಬಿನ್ಯಾಗ ಕೆಂಪು ಚುಕ್ಕಿ ಇಟ್ಟ ಖಾನೆ ಒಂದೈತಿ,
ತುಂಬದಿದ್ರ ಮುಂದ ಹೋಗಾಕ ಬಿಡೂದಿಲ್ಲ:
ರೋಗಿಯ ಪತ್ತೆ.
ಮನಿ ನಂಬರು, ಓಣಿ, ಊರು.

ಬುಧುವಾ ಓರಾಂವ್, ಇಪ್ಪತ್ತಾರು ವರ್ಷ, ತೂಕ ನಲವತ್ತೊಂದು.
ಅವಂಗ ಓಣಿ ಇಲ್ಲ.
ಕೊಪ್ಪಳ ದಾಟಿ ಹೊಸಪೇಟಿ ರಸ್ತೆಗುಂಟ ಬಂದ್ರ
ಕಾರ್ಖಾನಿ ಹಿಂದ ತಗಡಿನ ಸಾಲು,
ಒಂದು ಖೋಲಿ, ಎಂಟು ಮಂದಿ, ನಾಕು ಹಾಸಿಗಿ.
ಹಗಲ ಪಾಳಿಯವರು ಎದ್ದು ಹೋದ ಬೆಚ್ಚಗಿನ ಜಾಗಾದಾಗ
ರಾತ್ರಿ ಪಾಳಿಯವರು ಬಂದು ಮಲಗತಾರ.
ಕೆಮ್ಮೊಂದು ಮಾತ್ರ ಪಾಳಿ ಬಿಡೂದಿಲ್ಲ.

ನಾ ಬರದೆ:
ಗೇಟ್ ನಂಬರ್ ಎರಡು, ಬೇವಿನ ಗಿಡ,
ಸಂಜಿ ನಾಕಕ್ಕ ಅದರ ನೆರಳು ಮುಟ್ಟೂ ಬಾಗಲ.
ಟ್ಯಾಬು ಒಪ್ಪಿಕೊಂತು.
ಜಿಲ್ಲಾ ಆಫೀಸಿನವರು ಒಪ್ಪಲಿಲ್ಲ.
"ದ್ಯಾಮವ್ವ, ಇದು ಪತ್ತೇನೋ ಒಗಟೋ?"
"ನಾಕಕ್ಕ ಬರ್ರಿ ಸರ್, ತೋರಸ್ತೀನಿ" ಅಂದೆ.

ಟ್ರೇನಿಂಗಿನ್ಯಾಗ ಹೇಳಿದ್ದರು,
ಗುಳಿಗಿ ಕಣ್ಣೆದುರ ನುಂಗಸಬೇಕು, ಮುಂಜಾನೆದ್ದು, ಖಾಲಿ ಹೊಟ್ಟಿಲೆ.
ಇವರ ಮುಂಜಾನೆ ರಾತ್ರಿ ಒಂಬತ್ತಕ್ಕ ಹರೀತೈತಿ,
ದವಾಖಾನಿಗೆ ಐದಕ್ಕ ಕೀಲಿ.
ಅದಕ್ಕ ಖಾಜಾಬೀಯ ಚಾದಂಗಡಿ.
ಖಾರಿ ಡಬ್ಬಿ ಹಿಂದ ಇನ್ನೊಂದು ಸ್ಟೀಲಿನ ಡಬ್ಬಿ,
ಅದರಾಗ ಹನ್ನೊಂದು ಮಂದಿ ಆಯುಷ್ಯ.
ಓದಾಕ ಬರೂದಿಲ್ಲ ಆಕಿಗೆ,
ಒಬ್ಬೊಬ್ಬರ ಪಾಕೀಟಿಗೆ ಒಂದೊಂದು ಬಣ್ಣದ ದಾರ ಕಟ್ಯಾಳ.
ಬುಧುವಾಂದು ಹಸರು.
ಉಚ್ಚಿ ಕೆಂಪಾತು ಅಂತ ಅಂಜಿಕೊಂಡು ಓಡಿ ಬಂದಾಗ
ನಾ ಹಿಂದಿ ಹುಡುಕೂದರೊಳಗ ಆಕಿನ ಅಂದಿದ್ಲು:
ರಕ್ತ ಅಲ್ಲೋ ಬೇಟಾ, ದವಾದ ರಂಗು.

ನಮ್ಮ ಡಾಕ್ಟರ್ ವಿರೂಪಣ್ಣ ಮೂರು ಸಲ ಪತ್ರ ಬರದರು,
ಗುರುವಾರಕ್ಕೊಮ್ಮೆ ರಾತ್ರಿ ಓಪಿಡಿ ಬೇಕಂತ.
ಆದೇಶ ಹದಿನಾಕು ತಿಂಗಳಿಗೆ ಬಂತು,
"ಪ್ರಾಯೋಗಿಕವಾಗಿ" ಅಂತ.
ಅಷ್ಟರಾಗ ನಮ್ಮ ಟ್ಯೂಬ್‌ಲೈಟು ಎರಡು ಸುಟ್ಟಿದ್ದವು.

ಊರಾಗಿನ ಹುಲಿಗೆಮ್ಮಂದು ಬ್ಯಾರೇನ ಸಂಕಟ.
ಲಗ್ನ ಗೊತ್ತಾಗೇತಿ. ನಾ ಬಾಗಲಾಗ ನಿಂತ್ರ
ಓಣಿ ತುಂಬ ಕಣ್ಣು.
ಕೋಟು ಕಳದು ಚೀಲದಾಗಿಟ್ಟೆ,
ಜಂಪರ್ ಹೊಲಿಸಾಕ ಬಂದವರ ಹಂಗ ಹೋದೆ.
ಆಕಿ ಟೇಪು ಹಿಡದು ನನ್ನ ಅಳತಿ ತಗೊಳ್ಳೂದು,
ನಾ ಆಕಿ ತೂಕ ತಗೊಳ್ಳೂದು.
ಆರು ತಿಂಗಳಿಗೆ ಒಂಬತ್ತು ಜಂಪರ್ ಆದವು.
ಮೊದಲಿನ ಎರಡು ಸೊಟ್ಟ, ಆವಾಗ ಆಕಿ ಕೈ ನಡಗತಿದ್ದವು.
ಕಡೀದು, ಇಕಾ ನೋಡ್ರಿ, ಎಷ್ಟು ಚಂದ ಕುಂತೈತಿ.
ಇದನ್ನ ಯಾವ ಖಾನೆದಾಗ ತುಂಬಲಿ?

ದೀಪಾವಳಿ ಮುಂದ ಗುತ್ತಿಗೇದಾರ ಬದಲಾದ.
ಒಂದ ರಾತ್ರ್ಯಾಗ ತಗಡಿನ ಸಾಲು ಖಾಲಿ.
ನೂರಾ ಅರವತ್ತೆಂಟು ದಿನದ ದವಾ,
ಬುಧುವಾ ನುಂಗಿದ್ದು ಎಂಬತ್ತೊಂದು.
ಡಬ್ಬಿಯೊಳಗ ಹಸರು ದಾರ.
ಖಾಜಾಬೀ ಅದನ್ನ ಬಿಚ್ಚಲಿಲ್ಲ.
ಟ್ಯಾಬು ದಿನಾ ಕೇಳತಿತ್ತು: ರೋಗಿ ಕಾಣೆ? ಹೌದು, ಇಲ್ಲ.
ನಾ ಎರಡೂ ಒತ್ತಲಿಲ್ಲ.

ಆರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನು.
ನನ್ನಂಥಾಕಿನ ಒಬ್ಬಾಕಿ, ಎಲ್ಲೋ ಒಡಿಶಾ ಕಡೆ,
ಬೆನ್ನ ಹಿಂದ ಸೈರನ್ನು ಕೂಗತಿತ್ತು.
ಹೆಲ್ಮೆಟ್ಟಿನ ಒಳಗ ನಾ ಬರದಿದ್ದ ನಂಬರ
ಬೆವರಿಗೆ ಅಳಸಿರಲಿಲ್ಲ.
ಆಕಿಗೆ ಕನ್ನಡ ಇಲ್ಲ, ನನಗ ಒಡಿಯಾ ಇಲ್ಲ,
ನಡುವ ಇಬ್ಬರದೂ ಮುರಕು ಹಿಂದಿ.
ಎಂಬತ್ತೊಂದಕ್ಕ ಏನಂತಾರೋ ತಿಳೀಲಿಲ್ಲ.
ಆಠ್, ಏಕ್, ಅಂದೆ.
ಆಠ್, ಏಕ್, ಅಂದ್ಲು ಆಕಿ.
ಗುಳಿಗಿ ಹಾಳಿ ಹರದ ಸಪ್ಪಳ. ನೀರಿನ ಸಪ್ಪಳ.
ಆಮ್ಯಾಲ: ಆಠ್, ದೋ.

ಯಾರೋ ಕೆಮ್ಮಿದರು ಅಲ್ಲೆ,
ಬುಧುವಾನೋ ಮತ್ತೊಬ್ಬನೋ.
ನಾ ಟ್ಯಾಬು ತಗದು, ಪತಾ? ಅಂತ ಕೇಳಿದೆ.
ಆಕಿ ನಕ್ಕಳು.
ಒಂದು ಗಿಡ ಐತಿ, ಅಂದ್ಲು. ಹುಣಸಿದು.