ಇನ್ನೂರೈವತ್ತು ಪದದೊಳಗ

ಶಹಾಬಾದಿನ ತಹಸೀಲ ಕಚೇರಿ ಎದುರಿಗೆ
ಜೆರಾಕ್ಸ್ ಅಂಗಡಿ ನೆರಳಿನಾಗ ನನ್ನ ಮೇಜು.
ಇಪ್ಪತ್ತೆಂಟು ವರ್ಷ ಅರ್ಜಿ ಬರದೀನಿ:
ರೇಶನ್ ಕಾರ್ಡಿಗೆ, ವಾರಸಾಕ್ಕ, ಪಹಣಿ ತಿದ್ದುಪಡಿಗೆ,
ಕಾಗದದಾಗ ಸತ್ತಾಕಿ ಇನ್ನಾ ಬದುಕ್ಯಾಳಂತ ಹೇಳ್ಲಾಕ.
ಎಲ್ಲಾ ಅರ್ಜಿಗೂ ಒಂದೇ ತಲಿ, ಒಂದೇ ಕಾಲು.
ಮ್ಯಾಲ 'ಮಾನ್ಯರೇ', ಕೆಳಗ 'ತಮ್ಮ ವಿಧೇಯ',
ನಡುವ ಬಗ್ಗಿದ ಬೆನ್ನು.

ನೀಲಗಂಗಾ ಬಂದಳು, ಮಲ್ಕಪ್ಪನ ಮಗಳು,
ಚಪ್ಪಲಿಗೆ ಪಾಲಿಶ್ ಮಿಶಿನ್ನಿನ ಬೂದಿ ಬಣ್ಣದ ಕೆಸರು,
ಮೊಬೈಲಿನಾಗ ಪುಣೆದ ಒಂದು ಕಾಲೇಜಿನ ಫಾರ್ಮು.
ಮಾರ್ಕ್ಸು ತುಂಬ್ಯಾಳ, ಆದಾಯ ತುಂಬ್ಯಾಳ,
ಉಳದದ್ದು ಮೂರು ಪ್ರಶ್ನಿ.
ನಮ್ಮ ಕಾಲೇಜೇ ಯಾಕೆ?
ನೀವು ಬೆಳೆದ ಜಾಗ ನಿಮಗೆ ಏನು ಕಲಿಸಿತು?
ಇನ್ನೇನಾದರೂ ಹೇಳುವುದಿದೆಯೇ?
ಒಂದೊಂದಕ್ಕ ಇನ್ನೂರೈವತ್ತು ಪದ.
ಒಂದು ಹೆಚ್ಚಾದ್ರ ಡಬ್ಬಿ ಕೆಂಪಾಗ್ತದ.
ಇಂಗ್ಲಿಷ್ ಆಕಿ ಮಾಡ್ಕೋತಾಳಂತ, ಮಾತು ಬೇಕಾಗ್ಯಾವ.

ನನಗೇನು, ಕೈ ತಾನೇ ಓಡ್ತು:
"ಮಾನ್ಯರೇ, ನಾನು ಕಡುಬಡವರ ಮಗಳು,
ಚಿಕ್ಕಂದಿನಿಂದ ದೇಶಸೇವೆಯ ಕನಸು ಹೊತ್ತು,
ತಮ್ಮ ಹೆಸರಾಂತ ಸಂಸ್ಥೆಯಲ್ಲಿ ದಯಮಾಡಿ…"
ಕಣ್ಣು ಮುಚ್ಚಿ ಕೇಳಿದ್ಲು.
ಆಮ್ಯಾಲ ಮೇಜಿನ ಹಲಗಿಗೆ ಬೆರಳಗೆಣ್ಣು ಬಡದು
"ಬದ್ದ್ ಅಂತದ, ಕಾಕಾ" ಅಂದ್ಲು.

ಅಕಿ ಅವ್ವ ಖಣಿ ಮ್ಯಾಲ ಪರಸಿ ಆರಸ್ತಾಳ.
ಗ್ವಾಡಿಗೆ ಆನಿಸಿದ ಒಂದೊಂದು ಕಲ್ಲಿಗೂ
ಸುತ್ತಿಗಿ ಹಿಡಿಕಿಲೆ ಒಂದೇ ಏಟು, ಕಿವಿ ಹತ್ರ.
ಠಣ್ ಅಂದ್ರ ಲಾರಿಗೆ.
ಬದ್ದ್ ಅಂದ್ರ ಒಳಗೆಲ್ಲೋ ಬಿರುಕು,
ಕಣ್ಣಿಗೆ ಕಾಣದ್ದು, ಪಾಲಿಶಿನಾಗ ಮುಚ್ಚಿಹೋಗಿ
ಯಾರದೋ ಪಡಸಾಲ್ಯಾಗ ಎರಡನೇ ಬ್ಯಾಸಿಗಿಗೆ ಸೀಳೋದು.
ಹನ್ನೊಂದು ವರ್ಷಕ್ಕ ಮಗಳಿಗೂ ಕಿವಿ ಬಂತು.
ಒಮ್ಮೆ ತಪ್ಪಿದ್ಲು. ಹೈದ್ರಾಬಾದಿನಿಂದ
ನಲವತ್ತು ಪರಸಿ ತಿರುಗಿ ಬಂದ್ವು,
ಅವ್ವನ ಎರಡು ವಾರದ ಪಗಾರ ಹೋತು.

"ಅದನ್ನ ಬರಿ" ಅಂದೆ.
"ತಪ್ಪಿದ್ದೂ?"
"ತಪ್ಪಿದ್ದನ್ನ ಮೊದಲ ಬರಿ."
ಇದನ್ನ ಹೇಳಿದಾಂವ ನಾನೇನ?
ಇಪ್ಪತ್ತೆಂಟು ವರ್ಷದಾಗ ಒಂದು ಅರ್ಜ್ಯಾಗೂ
ಅರ್ಜಿದಾರನ ತಪ್ಪು ಬರದಾಂವಲ್ಲ.

ಮೊದಲ ಸಲ ಆರನೂರಾ ಹನ್ನೆರಡು ಪದ.
ಅಂಚು ಹೊಡಕೋತ ಬಂದ್ವಿ.
'ದೇಶಸೇವೆ' ಹೋತು, 'ಹೆಸರಾಂತ' ಹೋತು.
'ಕಡುಬಡವರು' ಹೋಗೋ ಮುಂದ ನಾನು ತಡದೆ,
ಇರಲಿ ಬಿಡು, ಅವ್ರಿಗೆ ಕರುಣಿ ಬರ್ತದ.
"ಪಗಾರದ ಲೆಕ್ಕ ಬರದೀವಲ್ಲ ಕಾಕಾ.
ಅದೇ ಮಾತು ಎರಡ್ಸಲ ಯಾಕ?"

'ನಮ್ಮ ಕಾಲೇಜೇ ಯಾಕೆ' ಅನ್ನೋದ್ರಾಗ ಸಿಕ್ಕೊಂಡ್ವಿ.
ಹಾಸ್ಟೆಲ್ ಛೊಲೊ ಅದ. ಬದ್ದ್.
ನೌಕರಿ ಸಿಗ್ತದ. ಬದ್ದ್.
ಚಾ ಬಂತು, ಆರಿ ಕೆನಿಗಟ್ಟಿತು.
ಆಗ ತಗದ್ಲು ಬ್ಯಾಗಿನಿಂದ ಒಂದು ನೋಟ್‌ಬುಕ್:
ಆ ಕಾಲೇಜಿನಾಗ ಒಂದು ಲ್ಯಾಬ್ ಅದಂತ,
ಹಳೇ ಕಟ್ಟಡದ ಕಲ್ಲಿನೊಳಗ ಸದ್ದು ಕಳಿಸಿ
ಆ ಕಡಿ ಎಷ್ಟೊತ್ತಿಗೆ ಬಂತಂತ ಅಳೀತಾರಂತ.
ಹಾಳಿ ಮ್ಯಾಲ ಬರದ್ಲು, ನಿಧಾನಕ್ಕ:
"ನಮ್ಮ ಅವ್ವನ ಕಿವಿಗೆ ಕೇಳುವುದು
ನಿಮ್ಮ ಯಂತ್ರದಲ್ಲಿ ಎಷ್ಟಾಗುತ್ತದೆ?
ನನಗೆ ನೋಡಬೇಕು."
ಈ ಸಲ ಅಕಿ ಮೇಜು ಬಡೀಲಿಲ್ಲ.
ನಾನೇ ಬಡದೆ.

ಮೂರನೇದು ಖಾಲಿ ಬಿಟ್ಲು.
"ಹೇಳೋದು ಏನೂ ಇಲ್ಲೇನ?"
"ಅದ. ಅವ್ರಿಗಲ್ಲ."

ರೊಕ್ಕ ಎಷ್ಟು ಅಂದ್ಲು.
ಅರ್ಜಿಗೆ ಐವತ್ತು, ಅಫಿಡವಿಟ್ಟಿಗೆ ನೂರು;
ಇದರ ರೇಟು ನನ್ನ ಬೋರ್ಡಿನ ಮ್ಯಾಲ ಇಲ್ಲ.
ಚಾದ ರೊಕ್ಕ ಕೊಟ್ಟು ಹೋಗು ಅಂದೆ.
ನನ್ನದೂ ಸೇರಿಸಿ ಕೊಟ್ಲು.

ಸೀಟು ಸಿಕ್ತೋ ಇಲ್ಲೋ, ಜೂನಿಗೆ ಗೊತ್ತಾಗ್ತದ.

ಅಕಿ ಹಿಂದೇ ಮರತೂರಿನ ಮುದುಕ ಬಂದ,
ಹೊಲದ ಹಾದಿ ತಕರಾರು.
'ಮಾನ್ಯರೇ' ಅಂತ ಬರದೆ, ಪೆನ್ನು ನಿಂತ್ತು.
"ಹಾದಿ ಎಲ್ಲಿಂದ ಶುರು ಆಗ್ತದ, ಮಾವ?
ಮೊದಲ ಯಾವ ಗಿಡ ಸಿಗ್ತದ?"
ಮುದುಕ ನನ್ನ ಮಾರಿ ನೋಡಿದ,
ಕಚೇರಿ ಕೆಲಸಕ್ಕ ಗಿಡ ಯಾಕ ಬೇಕು ಅಂದಂಗ.
ಆಮ್ಯಾಲ ಮೇಜಿಗೆ ಕೈ ಊರಿ ಕೂತ.
"ಬನ್ನಿ" ಅಂದ. "ಅರ್ಧ ಒಣಗೇದ."